ಅಲೆಕ್ಸಾಂಡರ್ ಹೊರಟುಹೋದ ಮೇಲೆ ಈಜಿಪ್ಟನ್ನು ಆಳಿದವರು ಯಾರು?

ಕೆರೆಯಂಗಳ:

ಅಲೆಕ್ಸಾಂಡರನ ಯುದ್ಧಗಳ ಬಗ್ಗೆ ಇಲ್ಲಿ ಬೇಕಾದಷ್ಟು ಚರ್ಚೆಯಾಗಿದೆ. ನನಗೆ ಅವನ ಆಡಳಿತದ ಬಗ್ಗೆ, ಅದರಲ್ಲೂ ಈಜಿಪ್ಟಿನ ಆಡಳಿತದ ಬಗ್ಗೆ ಮಾತನಾಡಬೇಕಾಗಿದೆ. ಪಠ್ಯಪುಸ್ತಕಗಳಲ್ಲಿ ಈ ಭಾಗ ನಾಲ್ಕು ಸಾಲಿನಲ್ಲಿ ಮುಗಿದುಹೋಗುತ್ತದೆ. ಪರ್ಷಿಯನ್ನರ ಕಾಟದಿಂದ ಬೇಸತ್ತಿದ್ದ ಜನ ಅವನನ್ನು ವಿಮೋಚಕನೆಂದು ಬರಮಾಡಿಕೊಂಡರು, ಅವನು ಅವರ ದೇವರಿಗೆ ಕೈಮುಗಿದನು, ಅಲೆಕ್ಸಾಂಡ್ರಿಯ ನಗರಕ್ಕೆ ಅಡಿಪಾಯ ಹಾಕಿದನು, ಮುಂದೆ ಹೊರಟನು. ಅಷ್ಟೇ.

ಕ್ರಿ.ಪೂ. 332ರ ಕೊನೆಯಲ್ಲಿ ಬಂದವನು 331ರ ವಸಂತದಲ್ಲಿ ಹೊರಟನು. ಇದ್ದದ್ದು ಸುಮಾರು ಆರು ತಿಂಗಳು. ಮತ್ತೆ ಜೀವಂತವಾಗಿ ಆ ನೆಲದ ಮೇಲೆ ಕಾಲಿಡಲಿಲ್ಲ. ಆದರೆ ಅವನು 323ರಲ್ಲಿ ಬ್ಯಾಬಿಲೋನಿನಲ್ಲಿ ಸಾಯುವವರೆಗೂ ಈಜಿಪ್ಟಿನ ಕಾಗದಪತ್ರಗಳಲ್ಲಿ, ದೇವಾಲಯಗಳ ಗೋಡೆಗಳ ಮೇಲೆ ರಾಜನೆಂದು ನಿಂತದ್ದು ಅವನ ಹೆಸರೇ. ಆ ಎಂಟು ವರ್ಷ ಅಲ್ಲಿ ನಡೆದದ್ದೇನು?

ರಾಜ ಯಾವ ದೇವರಿಗೆ ಕೈಮುಗಿದನು ಎಂಬುದನ್ನು ನೋಡಿ ಒಂದು ಆಳ್ವಿಕೆಯನ್ನು ಅಳೆಯಬಾರದು, ಸುಗ್ಗಿಯ ಹೊತ್ತಿಗೆ ಕಣಕ್ಕೆ ಯಾರು ಬಂದು ನಿಂತರು ಎಂಬುದನ್ನು ನೋಡಿ ಅಳೆಯಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಹಾಗೆ ಅಳೆದರೆ ಆ ಎಂಟು ವರ್ಷಗಳು ಅಲೆಕ್ಸಾಂಡರನವಲ್ಲ, ಅಲ್ಲಿಯ ಕಂದಾಯ ವಸೂಲಿಗೆ ಅವನು ನೇಮಿಸಿದ ಕ್ಲಿಯೊಮೆನೀಸ್ ಎಂಬವನವು. ಒಪ್ಪದವರು ದಯವಿಟ್ಟು ಕಾರಣ ಕೊಟ್ಟು ಬರೆಯಿರಿ.

ಮರಳುದಾರಿ:

ಕೆರೆಯಂಗಳ ಅವರೇ, ಕ್ಲಿಯೊಮೆನೀಸನ ವಿಚಾರಕ್ಕೆ ಆಮೇಲೆ ಬರೋಣ. ವಿಮೋಚಕ ಎಂಬ ಮಾತನ್ನು ಅಷ್ಟು ಬೇಗ ಪಕ್ಕಕ್ಕಿಡಬೇಡಿ. ಈಜಿಪ್ಟಿನವರು ಪರ್ಷಿಯದ ಆಳ್ವಿಕೆಯನ್ನು ಎರಡು ಸಲ ಕಂಡವರು. ಕ್ರಿ.ಪೂ. 525ರಲ್ಲಿ ಕ್ಯಾಂಬೈಸಿಸ್ ಗೆದ್ದನು. 404ರ ಸುಮಾರಿಗೆ ದಂಗೆಯೆದ್ದು ಸ್ವತಂತ್ರರಾದರು. ಅರವತ್ತು ವರ್ಷ ತಮ್ಮದೇ ಅರಸರ ಕೆಳಗೆ ಬದುಕಿದರು, ದೊಡ್ಡ ದೊಡ್ಡ ದೇವಾಲಯಗಳನ್ನು ಕಟ್ಟಿದರು. 343ರ ಸುಮಾರಿಗೆ ಮೂರನೆಯ ಅರ್ತಕ್ಸರ್ಕ್ಸೀಸ್ ಮತ್ತೆ ಬಂದು ಕಿತ್ತುಕೊಂಡನು. ಈಜಿಪ್ಟಿನ ಕೊನೆಯ ಸ್ವದೇಶಿ ಫೇರೋ ಎನಿಸಿಕೊಂಡ ಎರಡನೆಯ ನೆಕ್ಟನೆಬೊ ದಕ್ಷಿಣಕ್ಕೆ ಓಡಿಹೋದನು. ನಡುವೆ ಖಬಾಬಾಶ್ ಎಂಬವನು ಸ್ವಲ್ಪ ಕಾಲ ಎದುರುನಿಂತನು. ಅಂದರೆ ಅಲೆಕ್ಸಾಂಡರ್ ಗಡಿಗೆ ಬಂದಾಗ ಸ್ವಂತ ರಾಜನನ್ನು ಕಂಡಿದ್ದವರು, ಅವನನ್ನು ಕಳೆದುಕೊಂಡದ್ದನ್ನು ಕಣ್ಣಾರೆ ನೋಡಿದ್ದವರು ಊರೂರಿನಲ್ಲಿ ಬದುಕಿದ್ದರು. ಆ ಗಾಯ ಇನ್ನೂ ಹಸಿಯಾಗಿತ್ತು.

ಪರ್ಷಿಯದ ಪ್ರಾಂತಾಧಿಪತಿ ಸೌಅಕೀಸ್ ತನ್ನ ಸೈನ್ಯವನ್ನು ಕರೆದುಕೊಂಡು ಹೋಗಿ 333ರ ಇಸ್ಸಸ್ ಕಾಳಗದಲ್ಲಿ ಸತ್ತನು. ಅವನ ಜಾಗಕ್ಕೆ ಬಂದ ಮಝಕೀಸನ ಬಳಿ ಹೇಳಿಕೊಳ್ಳುವಂಥ ಪಡೆಯೇ ಇರಲಿಲ್ಲ. ಟೈರ್ ಏಳು ತಿಂಗಳು, ಗಾಜಾ ಎರಡು ತಿಂಗಳು ಮುತ್ತಿಗೆಯನ್ನು ತಡೆದುಕೊಂಡು ಕೊನೆಗೆ ಏನಾದವು ಎಂಬುದು ಅವನ ಕಿವಿಗೆ ಬಿದ್ದಿತ್ತು. ಅವನು ಮೆಂಫಿಸ್ ನಗರವನ್ನೂ 800 ಟ್ಯಾಲೆಂಟ್ ಹಣವನ್ನೂ ಅರಮನೆಯ ಸಾಮಾನನ್ನೂ ಒಪ್ಪಿಸಿ ಶರಣಾದನು. ಒಂದು ಬಾಣ ಹಾರಲಿಲ್ಲ.

ಆದರೆ ಯಾವ ಗ್ರೀಕನು ಬಂದರೂ ಜನ ಹಾರ ಹಾಕುತ್ತಿದ್ದರು ಎಂದು ತಿಳಿಯಬಾರದು. ಅಲೆಕ್ಸಾಂಡರನಿಗಿಂತ ಸ್ವಲ್ಪ ಮೊದಲೇ ಅಮಿಂಟಸ್ ಎಂಬ ಮಕೆದೋನಿಯದ ದೇಶಭ್ರಷ್ಟ, ಇಸ್ಸಸ್‌ನಲ್ಲಿ ಪರ್ಷಿಯದ ಅರಸ ಮೂರನೆಯ ದಾರಿಯಸನ ಪರವಾಗಿ ಹೋರಾಡಿ ಸೋತವನು, ಸುಮಾರು 4,000 ಬಾಡಿಗೆ ಸೈನಿಕರನ್ನು ಕಟ್ಟಿಕೊಂಡು ಈಜಿಪ್ಟಿಗೆ ನುಗ್ಗಿದ್ದನು. ಮೆಂಫಿಸ್ ಸುತ್ತ ಕೊಳ್ಳೆ ಹೊಡೆಯುತ್ತಿದ್ದಾಗ ಅವನನ್ನೂ ಅವನವರನ್ನೂ ಅಲ್ಲೇ ಕೊಂದುಹಾಕಿದರು. ಅಲೆಕ್ಸಾಂಡರನಿಗೆ ಸಿಕ್ಕ ಸ್ವಾಗತದ ಹಿಂದೆ ಈ ವ್ಯತ್ಯಾಸವೂ ಇದೆ. ಅವನ ಸೈನ್ಯ ಶಿಸ್ತಿನಿಂದ ಬಂದಿತು, ಹಳ್ಳಿಗಳನ್ನು ದೋಚಲಿಲ್ಲ.

ಉಲ್ಲೇಖ ಬೇಕು:

ಮರಳುದಾರಿ ಅವರ ಮಾತಿಗೆ ಒಂದು ಸೇರ್ಪಡೆ. ಕ್ಯಾಂಬೈಸಿಸ್ ಆಪಿಸ್ ಎಂಬ ಪವಿತ್ರ ಹೋರಿಯನ್ನು ಇರಿದು ಕೊಂದನೆಂದು ಹೆರೊಡೋಟಸ್ ಬರೆದಿದ್ದಾನೆ. ಅದಕ್ಕೆ ವಿರುದ್ಧವಾಗಿ ಅಲೆಕ್ಸಾಂಡರ್ ಮೆಂಫಿಸ್‌ನಲ್ಲಿ ಅದೇ ಆಪಿಸ್‌ಗೆ ಬಲಿ ಅರ್ಪಿಸಿದನು ಎಂದು ಹೇಳಿ ಎಲ್ಲರೂ ಇಬ್ಬರನ್ನು ಅಕ್ಕಪಕ್ಕದಲ್ಲಿ ನಿಲ್ಲಿಸುತ್ತಾರೆ. ಮೆಂಫಿಸ್ ಹತ್ತಿರದ ಸಕ್ಕಾರಾದಲ್ಲಿ ಆ ಹೋರಿಗಳನ್ನು ಹೂಳುತ್ತಿದ್ದ ಸೆರಾಪಿಯಮ್‌ನಲ್ಲಿ ಸಿಕ್ಕಿರುವ ಕಲ್ಲಿನ ಶವಪೆಟ್ಟಿಗೆಯ ಮೇಲೆ ಮಾತ್ರ ಬೇರೆ ಕಥೆಯಿದೆ. ಆಪಿಸ್ ಹೋರಿಗೆ ಆ ಶವಪೆಟ್ಟಿಗೆಯನ್ನು ಮಾಡಿಸಿಕೊಟ್ಟವನು ಕ್ಯಾಂಬೈಸಿಸನೇ ಎಂದು ಅದರ ಶಾಸನ ಹೇಳುತ್ತದೆ. ಗೆದ್ದ ಅರಸ ಸ್ಥಳೀಯ ದೇವರನ್ನು ಗೌರವಿಸುವುದು ಅಲೆಕ್ಸಾಂಡರನಿಂದ ಶುರುವಾದ ಔದಾರ್ಯವಲ್ಲ. ಕ್ಯಾಂಬೈಸಿಸನೂ ಮಾಡಿದ್ದನು, ಅವನ ನಂತರದ ಮೊದಲನೆಯ ದಾರಿಯಸನೂ ಮಾಡಿದ್ದನು. ಇದನ್ನು ಮರೆತರೆ ನಾವು ಗ್ರೀಕರು ಬರೆದುಕೊಂಡ ಕಥೆಯನ್ನೇ ಒಪ್ಪಿಸಿದಂತಾಗುತ್ತದೆ.

ಹಳೆಯ ಕಡತ:

ನಾನು ಕಂದಾಯ ಇಲಾಖೆಯಲ್ಲಿ ಬಹುಕಾಲ ಕೆಲಸ ಮಾಡಿದವನು. ಇತಿಹಾಸದಲ್ಲಿ ಕಾಳಗಕ್ಕಿಂತ ನೇಮಕಾತಿ ಆದೇಶಗಳೇ ನನಗೆ ಹೆಚ್ಚು ಹಿಡಿಸುತ್ತವೆ. ಅಲೆಕ್ಸಾಂಡರ್ ಈಜಿಪ್ಟನ್ನು ಬಿಡುವ ಮೊದಲು ಮಾಡಿದ ನೇಮಕಗಳ ಪಟ್ಟಿ ಅರಿಯನ್ ಎಂಬ ಇತಿಹಾಸಕಾರನ ಮೂರನೆಯ ಸಂಪುಟದಲ್ಲಿದೆ. ಅದನ್ನು ನಿಧಾನವಾಗಿ ಓದಿದರೆ ಅವನ ಮನಸ್ಸಿನಲ್ಲಿದ್ದ ಭಯ ಕಾಣಿಸುತ್ತದೆ.

ನಾಡಿನ ಒಳಾಡಳಿತಕ್ಕೆ ಇಬ್ಬರು ಈಜಿಪ್ಟಿನವರು, ಡೊಲೊಅಸ್ಪಿಸ್ ಮತ್ತು ಪೆಟಿಸಿಸ್. ನಾಡನ್ನು ಇಬ್ಬರಿಗೂ ಹಂಚಿದನು. ಪೆಟಿಸಿಸ್ ತನಗೆ ಬೇಡವೆಂದನು, ಡೊಲೊಅಸ್ಪಿಸನೇ ಎಲ್ಲವನ್ನೂ ವಹಿಸಿಕೊಂಡನು. ಮೆಂಫಿಸ್ ಕೋಟೆಯ ಕಾವಲಿಗೆ ಪಿಡ್ನಾ ಊರಿನ ಪ್ಯಾಂಟಲಿಯೊನ್, ಪೂರ್ವದ ಬಾಗಿಲಾದ ಪೆಲೂಸಿಯಮ್ ಕೋಟೆಗೆ ಪೆಲ್ಲಾದ ಪೊಲೆಮೊನ್. ಬಾಡಿಗೆ ಸೈನಿಕರಿಗೆ ಒಬ್ಬ ನಾಯಕ, ಅವರ ಲೆಕ್ಕಪತ್ರಕ್ಕೆ ಇನ್ನೊಬ್ಬ, ಈ ಇಬ್ಬರ ಮೇಲೆ ಕಣ್ಣಿಡಲು ಮತ್ತಿಬ್ಬರು. ಪಶ್ಚಿಮದ ಲಿಬಿಯಾ ಕಡೆಗೆ ಅಪೊಲೊನಿಯಸ್, ಪೂರ್ವದ ಅರೇಬಿಯಾ ಕಡೆಗೆ ನೌಕ್ರಾಟಿಸ್ ಪಟ್ಟಣದ ಕ್ಲಿಯೊಮೆನೀಸ್. ಸೈನ್ಯಕ್ಕೆ ಪ್ಯೂಕೆಸ್ತಾಸ್ ಮತ್ತು ಬಲಾಕ್ರಸ್ ಎಂಬ ಇಬ್ಬರು ದಂಡನಾಯಕರು, ನೌಕಾಪಡೆಗೆ ಪ್ರತ್ಯೇಕ ಅಧಿಕಾರಿ. ರೋಮನ್ ಇತಿಹಾಸಕಾರ ಕರ್ಟಿಯಸ್ ಹೇಳುವಂತೆ ಕಾವಲಿಗೆ ಬಿಟ್ಟದ್ದು 4,000 ಸೈನಿಕರು ಮತ್ತು 30 ಯುದ್ಧನೌಕೆಗಳು.

ಇಷ್ಟೊಂದು ಹುದ್ದೆಗಳು, ಇಡೀ ಈಜಿಪ್ಟಿಗೆ ಜವಾಬ್ದಾರನಾದ ಒಬ್ಬನೂ ಇಲ್ಲ. ಆ ನಾಡಿನ ಸ್ವಭಾವವನ್ನೂ ಬಲವನ್ನೂ ಕಂಡು ಬೆರಗಾದ ಅಲೆಕ್ಸಾಂಡರ್ ಅದನ್ನು ಒಬ್ಬನ ಕೈಗೆ ಕೊಡುವುದು ಅಪಾಯವೆಂದು ಅಧಿಕಾರವನ್ನು ಹಂಚಿದನು ಎಂದು ಅರಿಯನ್ ಬರೆಯುತ್ತಾನೆ. ರೋಮನ್ನರು ಅವನಿಂದಲೇ ಪಾಠ ಕಲಿತು ಈಜಿಪ್ಟಿಗೆ ಸೆನೆಟಿನ ಸದಸ್ಯರನ್ನು ಕಳಿಸದೆ ಕೆಳಗಿನ ಶ್ರೇಣಿಯವರನ್ನೇ ಕಳಿಸುತ್ತಿದ್ದರು ಎಂಬ ಮಾತನ್ನೂ ಸೇರಿಸುತ್ತಾನೆ. ಅರಿಯನ್ ಸ್ವತಃ ಕಪಡೋಸಿಯಾದ ರಾಜ್ಯಪಾಲನಾಗಿದ್ದವನು. ಆಡಳಿತದ ಒಳಗುಟ್ಟು ಗೊತ್ತಿದ್ದವನ ಮಾತಿದು, ಹಗುರವಾಗಿ ತೆಗೆದುಕೊಳ್ಳಬೇಡಿ. ಮರುಭೂಮಿ ಮತ್ತು ಕಡಲು ಕಾಯುವ ನಾಡು, ವರ್ಷವೂ ನೈಲ್ ತಂದು ಸುರಿಯುವ ಮೆಕ್ಕಲು ಮಣ್ಣು. ಅಲ್ಲಿ ಒಬ್ಬ ಮಹತ್ವಾಕಾಂಕ್ಷಿ ತಳವೂರಿದರೆ ಅವನನ್ನು ಕೀಳುವುದು ಕಷ್ಟ.

ಈಗ ಆ ಪಟ್ಟಿಯಲ್ಲಿರುವ ಒಂದು ಸಣ್ಣ ವಾಕ್ಯವನ್ನು ಗಮನಿಸಿ. ಜಿಲ್ಲೆಗಳ ಅಧಿಕಾರಿಗಳು ಹಿಂದಿನಿಂದ ಬಂದ ಪದ್ಧತಿಯಂತೆಯೇ ತಮ್ಮ ತಮ್ಮ ಜಿಲ್ಲೆಗಳನ್ನು ಆಳಿಕೊಳ್ಳಲಿ, ಆದರೆ ಅವರಿಂದ ಕಂದಾಯ ಪಡೆಯುವವನು ಕ್ಲಿಯೊಮೆನೀಸ್, ಅವರು ಅವನಿಗೇ ಕಟ್ಟಬೇಕು ಎಂಬ ಆಜ್ಞೆ. ಸೈನ್ಯವನ್ನು ಹಂಚಿದನು, ಕೋಟೆಗಳನ್ನು ಹಂಚಿದನು, ಕಂದಾಯವನ್ನು ಮಾತ್ರ ಹಂಚಲಿಲ್ಲ. ಉಗ್ರಾಣದ ಬೀಗದಕೈ ಸೊಂಟದಲ್ಲಿದ್ದವನೇ ಮನೆಯ ಯಜಮಾನ. ಸೈನಿಕರ ಸಂಬಳ, ಹೊಸ ನಗರದ ಕಟ್ಟಡದ ಖರ್ಚು, ದೇವಾಲಯಗಳ ದತ್ತಿ, ಎಲ್ಲವೂ ಅವನ ಬೊಕ್ಕಸದ ಕಡೆ ನೋಡಬೇಕು. ಕೆಲವೇ ವರ್ಷಗಳಲ್ಲಿ ಇಡೀ ಈಜಿಪ್ಟಿನ ಅಧಿಕಾರ ಅವನ ಕೈಸೇರಿತು. ಇದು ಆಗಬಾರದ ಅನಾಹುತವಾಗಿರಲಿಲ್ಲ, ಆ ಆದೇಶದ ಒಳಗೇ ಇತ್ತು.

ಗೋಪುರ:

ಎಲ್ಲರ ಬರಹವನ್ನೂ ಆಸಕ್ತಿಯಿಂದ ಓದುತ್ತಿದ್ದೇನೆ. ನನಗೊಂದು ಸಂದೇಹ. ಅಲೆಕ್ಸಾಂಡರ್ ವಿಧಿವತ್ತಾಗಿ ಫೇರೋ ಪಟ್ಟ ಕಟ್ಟಿಸಿಕೊಂಡನೇ?

ನೈಲ್ ಪಯಣ:

ಗೋಪುರ ಅವರೇ, ಮೆಂಫಿಸ್‌ನಲ್ಲಿ ಪಟ್ಟಾಭಿಷೇಕವಾಯಿತೆಂದು ಸ್ಪಷ್ಟವಾಗಿ ಹೇಳುವುದು ಬಹಳ ತಡವಾಗಿ ಹುಟ್ಟಿದ ಕಟ್ಟುಕಥೆಯ ಗ್ರಂಥವೊಂದು ಮಾತ್ರ. ಅದೇ ಕಥೆ ಅಲೆಕ್ಸಾಂಡರನ ನಿಜವಾದ ತಂದೆ ಫಿಲಿಪನಲ್ಲ, ಮಂತ್ರವಾದಿಯಾಗಿ ವೇಷ ಮರೆಸಿಕೊಂಡು ಬಂದ ನೆಕ್ಟನೆಬೊ ಎಂದೂ ಹೇಳುತ್ತದೆ. ಅರಿಯನ್ ಪಟ್ಟಾಭಿಷೇಕದ ಮಾತೇ ಎತ್ತುವುದಿಲ್ಲ. ಅಪಿಸ್‌ಗೆ ಬಲಿ, ಗ್ರೀಕ್ ಪದ್ಧತಿಯ ಕ್ರೀಡಾಕೂಟ, ಸಂಗೀತ ಸ್ಪರ್ಧೆ, ಇಷ್ಟನ್ನು ಹೇಳಿ ಮುಂದೆ ಹೋಗುತ್ತಾನೆ.

ಆದರೆ ಕಲ್ಲು ಬೇರೆ ಸಾಕ್ಷಿ ಹೇಳುತ್ತದೆ. ನಾನು ಕೆಲಸದ ಮೇಲೆ ಕೈರೋದಲ್ಲಿದ್ದಾಗ ಲಕ್ಸರ್‌ಗೆ ಹೋಗಿದ್ದೆ. ಮೂರನೆಯ ಅಮೆನ್‌ಹೊಟೆಪ್ ಕಟ್ಟಿಸಿದ ದೇವಾಲಯದ ಒಳಭಾಗದಲ್ಲಿ, ಅಮುನ್ ದೇವರ ದೋಣಿಯನ್ನು ಇಡುತ್ತಿದ್ದ ಕೋಣೆಯನ್ನು ಅಲೆಕ್ಸಾಂಡರನ ಹೆಸರಿನಲ್ಲಿ ಹೊಸದಾಗಿ ಕಟ್ಟಲಾಗಿದೆ. ಹೊರಗೋಡೆಯ ತುಂಬ ಅವನೇ. ಆದರೆ ರಾಜನ ಹೆಸರನ್ನು ಒಳಗೆ ಕೆತ್ತಿದ ಉಂಗುರದಾಕಾರದ ಚೌಕಟ್ಟನ್ನು ಓದಲು ಬಾರದವರಿಗೆ ಅವನು ಯಾರೆಂದು ತಿಳಿಯುವುದೇ ಇಲ್ಲ, ಏಕೆಂದರೆ ಸಾವಿರ ವರ್ಷದ ಹಿಂದಿನ ಫೇರೋನ ಅದೇ ಕಿರೀಟ, ಅದೇ ಅಡ್ಡಪಂಚೆ, ಅದೇ ಭಂಗಿ. ಸೂರ್ಯದೇವ ರಾ ಆರಿಸಿಕೊಂಡವನು, ಅಮುನನಿಗೆ ಪ್ರಿಯನಾದವನು ಎಂಬ ಬಿರುದುಗಳೂ ಇವೆ. ಕಾರ್ನಾಕ್‌ನಲ್ಲಿ ಮೂರನೆಯ ಥಟ್‌ಮೋಸನ ಉತ್ಸವ ಮಂಟಪದಲ್ಲಿ ಒಂದು ಕೋಣೆ ಅವನ ಹೆಸರಿನಲ್ಲಿ ಜೀರ್ಣೋದ್ಧಾರವಾಗಿದೆ. ಬಹರಿಯಾ ಓಯಸಿಸ್‌ನಲ್ಲೂ ಅವನ ಹೆಸರಿನ ಗುಡಿಯಿದೆ.

ಇದನ್ನು ನಾನು ಓದುವುದು ಹೀಗೆ. ಈಜಿಪ್ಟಿನ ಪೂಜಾವ್ಯವಸ್ಥೆಯಲ್ಲಿ ದೇವರಿಗೆ ನೈವೇದ್ಯ ಇಡುವ ಹಕ್ಕು ತತ್ವತಃ ರಾಜನಿಗೆ ಮಾತ್ರ, ಅರ್ಚಕ ಅವನ ಪ್ರತಿನಿಧಿ. ರಾಜನಿಲ್ಲದೆ ಪೂಜೆ ನಡೆಯದು. ಆದ್ದರಿಂದ ಸಿಂಹಾಸನದ ಮೇಲೆ ಯಾರೇ ಕೂತಿರಲಿ, ಅರ್ಚಕರು ಅವನ ಹೆಸರನ್ನು ಉಂಗುರದೊಳಗೆ ಬರೆಯಲೇಬೇಕಿತ್ತು. ಗೋಡೆಯ ಮೇಲಿನ ಅಲೆಕ್ಸಾಂಡರ್ ಅವರಿಗೆ ಬೇಕಾಗಿದ್ದ ಫೇರೋ. ಆ ಕೆತ್ತನೆ ನಡೆಯುವಾಗ ಜೀವಂತ ಅಲೆಕ್ಸಾಂಡರ್ ಬ್ಯಾಕ್ಟ್ರಿಯದಲ್ಲೋ ಪಂಜಾಬಿನಲ್ಲೋ ಕುದುರೆಯ ಮೇಲಿದ್ದಿರಬೇಕು.

ಗೋಪುರ:

ಹಾಗಾದರೆ ದೈವವಾಣಿ ಕೇಳಲು ಹೋದ, ಮರುಭೂಮಿಯ ಸೀವಾ ಓಯಸಿಸ್‌ನ ಯಾತ್ರೆ? ಅದೂ ಆಡಳಿತದ ಭಾಗವೇ, ಅಥವಾ ಅವನ ಸ್ವಂತ ಹಂಬಲವೇ?

ನೈಲ್ ಪಯಣ:

ನನಗೆ ಹೆಚ್ಚಾಗಿ ಹಂಬಲವೆಂದೇ ಕಾಣುತ್ತದೆ. ಈಜಿಪ್ಟಿನ ಫೇರೋ ಆಗಲು ಸೀವಾಕ್ಕೆ ಹೋಗಬೇಕಾದ ಅಗತ್ಯವೇ ಇರಲಿಲ್ಲ, ಹಿಂದೆ ಯಾವ ಫೇರೋನೂ ಅದಕ್ಕಾಗಿ ಅಲ್ಲಿಗೆ ಹೋದವನಲ್ಲ. ಅಮುನನ ಗ್ರೀಕ್ ರೂಪವಾದ ಅಮ್ಮೊನ್‌ನ ಆ ದೈವವಾಣಿಗೆ ಹೆಸರಿದ್ದದ್ದು ಗ್ರೀಕರ ನಡುವೆ. ಕರಾವಳಿಯ ಪರೈಟೋನಿಯಮ್‌ವರೆಗೆ ಹೋಗಿ, ಅಲ್ಲಿಂದ ಮರುಭೂಮಿಯೊಳಕ್ಕೆ ತಿರುಗಿದನು. ದಾರಿ ತಪ್ಪಿದಾಗ ಎರಡು ಕಾಗೆಗಳು ಮುಂದೆ ಹಾರುತ್ತಾ ದಾರಿ ತೋರಿಸಿದವೆಂದು ಕೆಲವರು, ಎರಡು ಸರ್ಪಗಳೆಂದು ಅವನ ಸೇನಾನಿ ಟಾಲೆಮಿ. ಒಳಗೆ ಕೇಳಿದ್ದೇನೆಂದು ಅವನು ಬಹಿರಂಗಪಡಿಸಲಿಲ್ಲ, ಮನಸ್ಸು ಬಯಸಿದ್ದನ್ನು ಕೇಳಿದೆ ಎಂದಷ್ಟೇ ಹೇಳಿದನೆಂದು ಅರಿಯನ್ ದಾಖಲಿಸಿದ್ದಾನೆ. ಮೂಲ ಪ್ರಶ್ನೆಗೆ ಇದು ದೂರ, ಇಲ್ಲಿಗೇ ಬಿಡುತ್ತೇನೆ.

ಕೆರೆಯಂಗಳ:

ಹಳೆಯ ಕಡತ ಅವರಿಗೆ ನಮಸ್ಕಾರ. ಆ ಒಂದು ವಾಕ್ಯ ನನ್ನ ಕಣ್ಣಿಗೆ ಅಷ್ಟು ಸ್ಪಷ್ಟವಾಗಿ ಬಿದ್ದಿರಲಿಲ್ಲ. ದಯವಿಟ್ಟು ಕ್ಲಿಯೊಮೆನೀಸ್ ಮಾಡಿದ್ದನ್ನು ನೀವೇ ಬರೆಯಿರಿ. ನನಗಿಂತ ನಿಮಗೆ ಆ ಲೆಕ್ಕ ಚೆನ್ನಾಗಿ ಅರ್ಥವಾಗುತ್ತದೆ.

ಹಳೆಯ ಕಡತ:

ಬರೆಯುತ್ತೇನೆ. ಮೊದಲು ಆಸಾಮಿಯ ಬಗ್ಗೆ. ಅವನು ಅಲೆಕ್ಸಾಂಡರನ ಜೊತೆ ಬಂದ ಮಕೆದೋನಿಯದವನಲ್ಲ. ನೌಕ್ರಾಟಿಸ್ ನೈಲ್ ಮುಖಜಭೂಮಿಯಲ್ಲಿದ್ದ ಗ್ರೀಕ್ ವ್ಯಾಪಾರಿಗಳ ಪಟ್ಟಣ, ಅಲೆಕ್ಸಾಂಡರ್ ಬರುವ ಹೊತ್ತಿಗೆ ಅದಕ್ಕೆ ಸುಮಾರು ಮುನ್ನೂರು ವರ್ಷ ವಯಸ್ಸಾಗಿತ್ತು. ಅಲ್ಲಿಯ ಗ್ರೀಕನಿಗೆ ಈಜಿಪ್ಟಿನ ಧಾನ್ಯ ಎಲ್ಲಿ ಬೆಳೆಯುತ್ತದೆ, ಯಾವ ದೋಣಿಯಲ್ಲಿ ಸಾಗುತ್ತದೆ, ಅಥೆನ್ಸ್‌ನಲ್ಲಿ ಯಾವ ಬೆಲೆಗೆ ಹೋಗುತ್ತದೆ ಎಂಬುದೆಲ್ಲ ಅಂಗೈಯಲ್ಲಿದ್ದ ವಿಷಯ. ಅಂಥವನ ಕೈಗೆ ಸರ್ಕಾರದ ಮುದ್ರೆಯೂ ಸಿಕ್ಕಿತು.

ಅರಿಸ್ಟಾಟಲನ ಹೆಸರಿನಲ್ಲಿ ಉಳಿದುಬಂದಿರುವ, ಆದರೆ ಅವನೇ ಬರೆದದ್ದಲ್ಲದ, ಹಣಕಾಸಿನ ಉಪಾಯಗಳ ಗ್ರಂಥವೊಂದಿದೆ. ಅದರಲ್ಲಿ ಕ್ಲಿಯೊಮೆನೀಸನ ಕೆಲಸಗಳು ಒಂದರ ಹಿಂದೆ ಒಂದು ಬರುತ್ತವೆ. ಬೇರೆ ನಾಡುಗಳಲ್ಲಿ ತೀವ್ರ ಕ್ಷಾಮ, ಈಜಿಪ್ಟಿನಲ್ಲಿ ಸಾಧಾರಣ ಕೊರತೆ ಇದ್ದಾಗ ಧಾನ್ಯದ ರಫ್ತನ್ನು ನಿಲ್ಲಿಸಿದನು. ರಫ್ತಿಲ್ಲದಿದ್ದರೆ ಕಂದಾಯ ಕಟ್ಟಲು ಹಣ ಎಲ್ಲಿಂದ ತರಲಿ ಎಂದು ಜಿಲ್ಲಾಧಿಕಾರಿಗಳು ಗೋಳಿಟ್ಟರು. ರಫ್ತಿಗೆ ಅನುಮತಿ ಕೊಟ್ಟನು, ಜೊತೆಗೆ ಭಾರಿ ಸುಂಕ ಹಾಕಿದನು. ಧಾನ್ಯ ಸ್ವಲ್ಪವೇ ಹೊರಗೆ ಹೋಯಿತು, ಸುಂಕ ಬಹಳ ಬಂದಿತು, ಕಂದಾಯ ಕಟ್ಟಲಾರೆವು ಎಂಬ ನೆಪವೂ ಅಧಿಕಾರಿಗಳ ಕೈತಪ್ಪಿತು.

ಇನ್ನೊಂದು. ಊರಿನಲ್ಲಿ ಧಾನ್ಯದ ಬೆಲೆ 10 ದ್ರಾಕ್ಮಾ ಇದ್ದಾಗ ಬೆಳೆಗಾರರನ್ನು ಕರೆದು ನನಗೆ ಎಷ್ಟಕ್ಕೆ ಕೊಡುತ್ತೀರಿ ಎಂದು ಕೇಳಿದನು. ವ್ಯಾಪಾರಿಗಳಿಗಿಂತ ಕಡಿಮೆಗೆ ಕೊಡುತ್ತೇವೆ ಎಂದರು. ಬೇಡ, ಬೇರೆಯವರಿಗೆ ಕೊಡುವ ಬೆಲೆಗೇ ಕೊಡಿ ಎಂದು ಎಲ್ಲವನ್ನೂ ಕೊಂಡು, ತಾನು ಮಾರುವ ಬೆಲೆಯನ್ನು 32 ದ್ರಾಕ್ಮಾ ಎಂದು ನಿಗದಿ ಮಾಡಿದನು. ನಡುವಿನ ವ್ಯಾಪಾರಿ ಮಾಯ. ನನ್ನ ಅನುಭವದಲ್ಲಿ ಹೇಳುವುದಾದರೆ ಇದರಲ್ಲಿ ದಡ್ಡತನ ಒಂದು ಕಾಳಿನಷ್ಟೂ ಇಲ್ಲ. ಸರ್ಕಾರವೇ ಏಕಮೇವ ಸಗಟು ಖರೀದಿದಾರನಾದಾಗ ಏನಾಗಬಹುದೋ ಅದೇ ಆಯಿತು.

ದೇವಾಲಯಗಳ ವಿಷಯಕ್ಕೆ ಬಂದರೆ ಮನಸ್ಸಿಗೆ ನೋವಾಗುತ್ತದೆ. ಅರ್ಚಕರನ್ನು ಕರೆಸಿ, ದೇವಾಲಯಗಳ ಖರ್ಚು ವಿಪರೀತವಾಗಿದೆ, ಕೆಲವು ಗುಡಿಗಳನ್ನೂ ಅರ್ಚಕರನ್ನೂ ಕಡಿಮೆ ಮಾಡಬೇಕು ಎಂದನು. ತಮ್ಮ ಗುಡಿ ಉಳಿಯಲಿ ಎಂದು ಪ್ರತಿಯೊಬ್ಬರೂ ದೇವರ ಭಂಡಾರದಿಂದಲೂ ಸ್ವಂತದಿಂದಲೂ ಹಣ ತಂದುಕೊಟ್ಟರು. ಮೊಸಳೆಯನ್ನು ಪೂಜಿಸುವ ಜಿಲ್ಲೆಯಲ್ಲಿ ಅವನ ಸೇವಕನೊಬ್ಬನನ್ನು ಮೊಸಳೆ ಎಳೆದೊಯ್ದಿತು. ಸೇಡಿಗಾಗಿ ಮೊಸಳೆಗಳನ್ನು ಬೇಟೆಯಾಡಿ ಎಂದು ಆಜ್ಞೆ ಮಾಡಿದನು. ತಮ್ಮ ದೇವರಿಗೆ ಅಪಚಾರವಾಗದಿರಲೆಂದು ಅರ್ಚಕರು ಇದ್ದಬದ್ದ ಚಿನ್ನವನ್ನೆಲ್ಲ ಒಟ್ಟುಮಾಡಿ ಕೊಟ್ಟ ಮೇಲೆಯೇ ಬಿಟ್ಟನು.

ಕನೋಪಸ್‌ನ ಕಥೆ ಇನ್ನೂ ಕಠೋರ. ಅಲೆಕ್ಸಾಂಡ್ರಿಯಕ್ಕೆ ಜನ ತುಂಬಬೇಕಿತ್ತು. ಸುತ್ತಲಿನ ಪಟ್ಟಣಗಳವರು ಅಲ್ಲಿಗೆ ವಲಸೆ ಹೋಗಬೇಕೆಂದು ರಾಜಾಜ್ಞೆಯಿತ್ತು ಎಂದು ಕರ್ಟಿಯಸ್ ಹೇಳುತ್ತಾನೆ. ಹತ್ತಿರದ ಕನೋಪಸ್ ಆಗಲೇ ಒಳ್ಳೆಯ ವ್ಯಾಪಾರದ ಊರು. ನಿಮ್ಮ ಮಾರುಕಟ್ಟೆಯನ್ನು ಹೊಸ ನಗರಕ್ಕೆ ಎತ್ತುತ್ತೇನೆ ಎಂದನು. ಊರಿನ ಅರ್ಚಕರೂ ಆಸ್ತಿವಂತರೂ ಹಣ ಕೊಟ್ಟು ಮಾರುಕಟ್ಟೆ ಉಳಿಸಿಕೊಂಡರು. ಹೊಸ ನಗರದ ಕಟ್ಟಡ ಸಿದ್ಧವಾದ ಮೇಲೆ ಮತ್ತೆ ಬಂದು ಅವರಿಂದ ಕೊಡಲಾಗದಷ್ಟು ಮೊತ್ತ ಕೇಳಿದನು. ಅವರು ಕೈಚೆಲ್ಲಿದಾಗ ಮಾರುಕಟ್ಟೆಯನ್ನು ಎತ್ತಿಯೇ ಬಿಟ್ಟನು.

ಅಲೆಕ್ಸಾಂಡ್ರಿಯದ ಗ್ರಂಥಾಲಯ, ದೀಪಸ್ತಂಭಗಳನ್ನು ನೆನೆದು ನಾವು ರೋಮಾಂಚನಗೊಳ್ಳುತ್ತೇವೆ. ಆ ನಗರದ ಮೊದಲ ಬೀದಿಗಳಿಗೆ ಸುರಿದದ್ದು ಕನೋಪಸ್‌ನವರ ಹಣ ಎಂಬುದೂ ನೆನಪಿರಲಿ.

ಉಲ್ಲೇಖ ಬೇಕು:

ಹಳೆಯ ಕಡತ ಅವರ ಬರಹ ಬಹಳ ಚೆನ್ನಾಗಿದೆ, ಆದರೆ ನಾನು ಎದುರು ನಿಲ್ಲಲೇಬೇಕು. ಕ್ಲಿಯೊಮೆನೀಸನ ಬಗ್ಗೆ ನಮಗೆ ಮಾತು ಹೇಳುತ್ತಿರುವವರು ಯಾರು ನೋಡಿ. ಅರಿಯನ್ ಹೆಚ್ಚಾಗಿ ನಂಬಿದ್ದು ಟಾಲೆಮಿ ಬರೆದ ಇತಿಹಾಸವನ್ನು. ಟಾಲೆಮಿ ಯಾರು? ಅಲೆಕ್ಸಾಂಡರ್ ಸತ್ತ ಮೇಲೆ ಈಜಿಪ್ಟಿಗೆ ಬಂದು, ತನ್ನ ಕೈಕೆಳಗಿನ ಅಧಿಕಾರಿಯಾಗಿದ್ದ ಇದೇ ಕ್ಲಿಯೊಮೆನೀಸನನ್ನು ಕೊಲ್ಲಿಸಿದವನು. ಕೊಂದವನು ಸತ್ತವನನ್ನು ಒಳ್ಳೆಯವನೆಂದು ಬರೆಯುತ್ತಾನೆಯೇ? ಇನ್ನೊಂದು ದೊಡ್ಡ ಸಾಕ್ಷಿ ಅಥೆನ್ಸ್‌ನ ನ್ಯಾಯಾಲಯದ ಭಾಷಣ, ಡೆಮಾಸ್ಥೆನೀಸನ ಹೆಸರಿನಲ್ಲಿ ಉಳಿದದ್ದು. ಕ್ಲಿಯೊಮೆನೀಸನ ಕಡೆಯವರು ಕೆಲವರು ಈಜಿಪ್ಟಿನಿಂದ ಧಾನ್ಯ ಕಳಿಸುತ್ತಾರೆ, ಕೆಲವರು ಅಥೆನ್ಸ್‌ನಲ್ಲಿ ಕೂತು ಬೆಲೆ ನೋಡಿ ಪತ್ರ ಬರೆಯುತ್ತಾರೆ, ಬೆಲೆ ಇಳಿದರೆ ಹಡಗನ್ನು ಬೇರೆ ಬಂದರಿಗೆ ತಿರುಗಿಸುತ್ತಾರೆ ಎಂಬ ದೂರು ಅದರಲ್ಲಿದೆ. ದುಬಾರಿ ಬೆಲೆ ತೆತ್ತ ಗಿರಾಕಿಯ ಸಿಟ್ಟು ಅದು. ನಿಜವೇ ಇರಬಹುದು, ಆದರೆ ಈಜಿಪ್ಟಿನ ರೈತನ ದೂರಂತೂ ಅಲ್ಲ.

ಆ ವರ್ಷಗಳಲ್ಲಿ ಗ್ರೀಸ್‌ನ ಕ್ಷಾಮ ಎಷ್ಟು ದೊಡ್ಡದಿತ್ತೆಂದರೆ ಸೈರೀನ್ ನಗರ ಗ್ರೀಕ್ ಊರುಗಳಿಗೆ ಕಳಿಸಿದ ಧಾನ್ಯದ ಶಾಸನದಲ್ಲಿ ಮೊತ್ತ 8,05,000 ಮೆಡಿಮ್ನೊಸ್ (ಗ್ರೀಕರ ಧಾನ್ಯದ ಅಳತೆ), ಅದರಲ್ಲಿ ಅಥೆನ್ಸ್‌ಗೇ 1,00,000. ಅಂಥ ಹೊತ್ತಿನಲ್ಲಿ ರಫ್ತು ತಡೆಯದಿದ್ದರೆ ವ್ಯಾಪಾರಿಗಳು ಈಜಿಪ್ಟನ್ನು ಗುಡಿಸಿ ಒಯ್ಯುತ್ತಿದ್ದರು. ರಫ್ತು ತಡೆದದ್ದು ಈಜಿಪ್ಟಿನ ಬಡವನ ಹೊಟ್ಟೆಯ ದೃಷ್ಟಿಯಿಂದ ಸರಿಯಾದ ಕ್ರಮವೇ.

ಕೆರೆಯಂಗಳ:

ಉಲ್ಲೇಖ ಬೇಕು ಅವರೇ, ಟಾಲೆಮಿಯ ಬಗ್ಗೆ ನೀವು ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಹೊಟ್ಟೆಯ ಮಾತನ್ನು ಒಪ್ಪಲಾರೆ. ರಫ್ತು ತಡೆದದ್ದು ಬಡವನಿಗಾಗಿಯಾಗಿದ್ದರೆ, ಕೊರತೆ ಇನ್ನೂ ಇರುವಾಗಲೇ ಸುಂಕ ಹಾಕಿ ಬಾಗಿಲು ತೆರೆದದ್ದೇಕೆ? 10 ದ್ರಾಕ್ಮಾದ ಧಾನ್ಯವನ್ನು 32ಕ್ಕೆ ಮಾರಿದಾಗ ಹೆಚ್ಚುವರಿ 22 ದ್ರಾಕ್ಮಾದಲ್ಲಿ ಬೆಳೆದವನಿಗೆ ಏನೂ ಬರಲಿಲ್ಲ. ಬೆಳೆಗಾರನಿಗೆ ಹಳೆಯ ಬೆಲೆ, ಕೊಳ್ಳುವವನಿಗೆ ಮೂರು ಪಟ್ಟು, ನಡುವಿನದೆಲ್ಲ ಬೊಕ್ಕಸಕ್ಕೆ. ಇದನ್ನು ಪ್ರಜಾರಕ್ಷಣೆ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ತಾಳೆಗರಿ:

ಇಷ್ಟು ಹೊತ್ತೂ ಗ್ರೀಕರು ಹೇಳಿದ್ದನ್ನೇ ಜಗ್ಗಾಡುತ್ತಿದ್ದೇವೆ. ಈಜಿಪ್ಟಿನವರದೇ ದನಿಗಳಿವೆ, ಕಡಿಮೆಯಾದರೂ ಇವೆ.

ಸಕ್ಕಾರಾದ ಉತ್ಖನನದಲ್ಲಿ ಒಂದು ಪಪೈರಸ್ ತುಂಡು ಸಿಕ್ಕಿದೆ. ದೊಡ್ಡ ಗ್ರೀಕ್ ಅಕ್ಷರಗಳಲ್ಲಿ ಮೂರು ಸಾಲು. ಪ್ಯೂಕೆಸ್ತಾಸನ ಆಜ್ಞೆ, ಯಾರೂ ಹಾದುಹೋಗಕೂಡದು, ಇದು ಅರ್ಚಕನ ಕೋಣೆ ಎಂಬುದು ಅದರ ಒಟ್ಟು ತಾತ್ಪರ್ಯ. ಹಳೆಯ ಕಡತ ಅವರ ಪಟ್ಟಿಯಲ್ಲಿದ್ದ ದಂಡನಾಯಕ ಪ್ಯೂಕೆಸ್ತಾಸನೇ ಇವನೆಂದು ವಿದ್ವಾಂಸರು ಗುರುತಿಸುತ್ತಾರೆ. ಈಜಿಪ್ಟಿನಲ್ಲಿ ಸಿಕ್ಕಿರುವ ಅತ್ಯಂತ ಹಳೆಯ ಗ್ರೀಕ್ ಕಾಗದಗಳಲ್ಲಿ ಇದೊಂದು. ಗ್ರೀಕಿನಲ್ಲಿ ಬರೆದಿದ್ದರಿಂದ ಎಚ್ಚರಿಕೆ ಯಾರಿಗೆಂಬುದು ಸ್ಪಷ್ಟ: ತನ್ನದೇ ಸೈನಿಕರಿಗೆ. ನನಗೆ ಈ ಮೂರು ಸಾಲು ಎರಡನ್ನೂ ಹೇಳುತ್ತವೆ. ದಂಡನಾಯಕನಿಗೆ ಅರ್ಚಕರ ಮಾನ ಕಾಪಾಡುವ ಇಚ್ಛೆಯಿತ್ತು, ಮತ್ತು ಬರಹದಲ್ಲಿ ಎಚ್ಚರಿಸಬೇಕಾದಷ್ಟು ಸೈನಿಕರು ಆ ಪವಿತ್ರ ಆವರಣದಲ್ಲಿ ಓಡಾಡುತ್ತಿದ್ದರು.

ಎರಡನೆಯ ದನಿ ಸೆಮತಾವಿತೆಫ್‌ನಖ್ತ್ ಎಂಬ ಅರ್ಚಕ ವೈದ್ಯನದು. ಅವನ ಶಿಲಾಶಾಸನ ಈಗ ನೇಪಲ್ಸ್‌ನಲ್ಲಿದೆ. ಪರ್ಷಿಯದ ಅರಸನ ಸೇವೆಯಲ್ಲಿದ್ದ ಇವನು ಗ್ರೀಕರೊಡನೆ ನಡೆದ ಯುದ್ಧದ ನಡುವೆ ಸಿಕ್ಕಿಕೊಂಡನು. ಸುತ್ತಲೂ ಸಾವಿರಾರು ಜನ ಸತ್ತರೂ ತಾನು ಬದುಕಿದೆ, ದೇವರು ಕನಸಿನಲ್ಲಿ ಬಂದು ಊರಿಗೆ ಮರಳು ಎಂದನು, ಕಡಲು ದಾಟಿ ಕ್ಷೇಮವಾಗಿ ಬಂದೆ ಎಂದು ತನ್ನ ದೇವರಿಗೆ ಕೃತಜ್ಞತೆ ಹೇಳುತ್ತಾನೆ. ಅಲೆಕ್ಸಾಂಡರನ ಹೆಸರೇ ಇಲ್ಲ. ಅವನ ಪಾಲಿಗೆ ಆ ಮಹಾಯುದ್ಧದಲ್ಲಿ ಮುಖ್ಯವಾದದ್ದು ತನ್ನ ಊರು ಮತ್ತು ತನ್ನ ದೇವರು.

ಮೂರನೆಯವನು ಹೆರ್ಮೊಪೊಲಿಸ್‌ನಲ್ಲಿ ಥೋತ್ ದೇವರ ಅರ್ಚಕನಾಗಿದ್ದ ಪೆಟೊಸಿರಿಸ್. ತೂನಾ ಎಲ್-ಗೆಬೆಲ್‌ನಲ್ಲಿ ಅವನ ಸಮಾಧಿಯಿದೆ. ಪರದೇಶದ ಅರಸನ ಕಾಲದಲ್ಲಿ ದೇವಾಲಯದ ಯಾವುದೂ ಇದ್ದ ಜಾಗದಲ್ಲಿ ಇರಲಿಲ್ಲ, ತಾನು ಮೇಲ್ವಿಚಾರಕನಾಗಿ ಏಳು ವರ್ಷ ದುಡಿದು ಎಲ್ಲವನ್ನೂ ಸರಿಪಡಿಸಿದೆ ಎಂದು ಬರೆಸಿದ್ದಾನೆ. ಆ ಗೋಡೆಗಳ ಮೇಲಿನ ರೈತರೂ ಕುಶಲಕರ್ಮಿಗಳೂ ಅರ್ಧ ಗ್ರೀಕ್ ಶೈಲಿಯ ಉಡುಪಿನಲ್ಲಿದ್ದಾರೆ. ಕಾಲ ಬದಲಾದದ್ದನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವ ಚಿತ್ರಗಳು ಅವು.

ಕೆರೆಯಂಗಳ ಅವರೇ, ಸುಗ್ಗಿಯ ಕಣವನ್ನು ನೋಡಿ ಅಳೆಯಬೇಕು ಎಂದಿರಿ. ಒಪ್ಪಿದೆ. ಆದರೆ ಕಣದಲ್ಲಿ ನಿಂತು ಅಳೆದುಕೊಟ್ಟವರು ಯಾರು? ಈಜಿಪ್ಟಿನದೇ ಲಿಪಿಕಾರರು, ಈಜಿಪ್ಟಿನದೇ ಜಿಲ್ಲಾಧಿಕಾರಿಗಳು. ಪರ್ಷಿಯನ್ನರ ಕಾಲದಲ್ಲೂ ಅವರೇ, ಟಾಲೆಮಿಗಳ ಕಾಲದಲ್ಲೂ ಅವರೇ. ಕ್ಲಿಯೊಮೆನೀಸ್ ಒಬ್ಬನೇ ಇಷ್ಟೆಲ್ಲ ಹಿಂಡಲು ಸಾಧ್ಯವಿರಲಿಲ್ಲ.

ಕಡಲ ಹಾಯಿ:

ಈಜಿಪ್ಟಿನ ಪಪೈರಸ್ ಎಂದಾಗ ಕನ್ನಡದವರಿಗೆ ಅಲ್ಲಿಯ ಆಕ್ಸಿರಿಂಕಸ್ ಊರಿನಲ್ಲಿ ಸಿಕ್ಕ ಆಕ್ಸಿರಿಂಕಸ್‌ನ ಪ್ರಹಸನ ನೆನಪಾಗದೆ ಇರುವುದಿಲ್ಲ. ಭಾರತದ ಕರಾವಳಿಯ ಅರಸನ ಸೆರೆಯಲ್ಲಿರುವ ಗ್ರೀಕ್ ಹುಡುಗಿಯ ಕಥೆ, ಅದರಲ್ಲಿ ಕನ್ನಡದ ಮಾತುಗಳಿವೆ ಎನ್ನುತ್ತಾರಲ್ಲ. ಅಲೆಕ್ಸಾಂಡರನಿಗೂ ಅದಕ್ಕೂ ಸಂಬಂಧವಿದೆಯೇ?

ತಾಳೆಗರಿ:

ನೇರ ಸಂಬಂಧವಿಲ್ಲ. ಆ 413ನೆಯ ಪಪೈರಸ್ ಕ್ರಿ.ಶ. ಎರಡನೆಯ ಶತಮಾನದ್ದು, ರೋಮನ್ನರ ಕಾಲ. ಅದರ ಅರಸನ ಕಡೆಯವರ ಮಾತುಗಳು ಕನ್ನಡವೆಂದು 1904ರಲ್ಲಿ ಹುಲ್ಟ್ಷ್ ಸೂಚಿಸಿದರು, ಗೋವಿಂದ ಪೈ ಅವರೂ ಆ ಕುರಿತು ಬರೆದರು, ಒಪ್ಪದ ವಿದ್ವಾಂಸರೂ ಇದ್ದಾರೆ. ಗ್ರೀಕ್ ಭಾಷೆ ಈಜಿಪ್ಟಿನ ಒಳನಾಡಿನ ಊರುಗಳಲ್ಲಿ ನಾಟಕವಾಡುವಷ್ಟು ಬೇರುಬಿಟ್ಟದ್ದು ಅಲೆಕ್ಸಾಂಡರನ ದಂಡಯಾತ್ರೆಯ ಫಲ ಎಂಬ ಮಟ್ಟಿಗೆ ಮಾತ್ರ ನಂಟು ಹೇಳಬಹುದು. ಅದಕ್ಕೆ ಬೇರೆಯೇ ಚರ್ಚೆ ಆರಂಭಿಸಿ, ಖಂಡಿತ ಬರೆಯುತ್ತೇನೆ.

ಮರಳುದಾರಿ:

ಭಾರತದ ಮಾತು ಬಂದದ್ದರಿಂದ ಒಂದು ಸಂಗತಿ. ಸಿಂಧೂ ನದಿಯಲ್ಲಿ ಮೊಸಳೆಗಳನ್ನೂ, ಅದರ ಉಪನದಿಯ ದಡದಲ್ಲಿ ಈಜಿಪ್ಟಿನಂಥದೇ ಬೀನ್ಸ್ ಬಳ್ಳಿಯನ್ನೂ ಕಂಡ ಅಲೆಕ್ಸಾಂಡರ್, ನೈಲ್ ನದಿಯ ಮೂಲ ಸಿಕ್ಕಿತೆಂದೇ ತಿಳಿದು ತಾಯಿ ಒಲಿಂಪಿಯಸ್‌ಗೆ ಪತ್ರ ಬರೆಯಲು ಹೊರಟಿದ್ದನಂತೆ. ಸ್ಥಳೀಯರಿಂದ ವಿಚಾರಿಸಿದ ಮೇಲೆ ಆ ಭಾಗವನ್ನು ಅಳಿಸಿದನು. ಐದು ವರ್ಷ ಕಳೆದು ಪಂಜಾಬಿಗೆ ಬಂದರೂ ಈಜಿಪ್ಟ್ ಅವನ ತಲೆಯಲ್ಲಿತ್ತು. ಅದರ ಆಡಳಿತ ಮಾತ್ರ ಇರಲಿಲ್ಲ ಎಂದು ತೋರುತ್ತದೆ.

ಕೆರೆಯಂಗಳ:

ಮರಳುದಾರಿ ಅವರೇ, ಅಲ್ಲೇ ನನ್ನ ಆಕ್ಷೇಪ. ಗೊತ್ತಿಲ್ಲದೆ ಹೋಗಿದ್ದರೆ ಕ್ಷಮಿಸಬಹುದಿತ್ತು. ಭಾರತದಿಂದ ಮರಳಿದ ಮೇಲೆ 325-324ರಲ್ಲಿ ಅವನು ಪ್ರಜೆಗಳನ್ನು ಪೀಡಿಸಿದ ಪ್ರಾಂತಾಧಿಪತಿಗಳನ್ನು ಸಾಲುಸಾಲಾಗಿ ಕೊಲ್ಲಿಸಿದನು. ಖಜಾಂಚಿ ಹರ್ಪಲಸ್ ಹೆದರಿ ಗ್ರೀಸ್‌ಗೆ ಓಡಿಹೋದನು. ಕ್ಲಿಯೊಮೆನೀಸನ ಕೂದಲೂ ಕೊಂಕಲಿಲ್ಲ. ಅರಿಯನ್ ಒಂದು ಪತ್ರವನ್ನು ಉಲ್ಲೇಖಿಸುತ್ತಾನೆ. ತನ್ನ ಸತ್ತ ಗೆಳೆಯ ಹೆಫೈಸ್ಟಿಯನ್‌ಗೆ ಅಲೆಕ್ಸಾಂಡ್ರಿಯದಲ್ಲೂ ಫಾರೋಸ್ ದ್ವೀಪದಲ್ಲೂ ಗುಡಿ ಕಟ್ಟಿಸು, ಅವು ಚೆನ್ನಾಗಿದ್ದರೆ ನೀನು ಹಿಂದೆ ಮಾಡಿದ ತಪ್ಪುಗಳನ್ನೆಲ್ಲ ಮನ್ನಿಸುತ್ತೇನೆ, ಮುಂದೆ ಮಾಡುವ ತಪ್ಪುಗಳಿಗೂ ನನ್ನಿಂದ ನಿನಗೆ ತೊಂದರೆಯಾಗದು ಎಂದು ಅಲೆಕ್ಸಾಂಡರ್ ಕ್ಲಿಯೊಮೆನೀಸನಿಗೆ ಬರೆದನಂತೆ. ಅಲೆಕ್ಸಾಂಡರನನ್ನು ಎಲ್ಲೆಡೆ ಮೆಚ್ಚುವ ಅರಿಯನ್‌ಗೇ ಇದನ್ನು ಸಹಿಸಲಾಗಲಿಲ್ಲ. ಅಷ್ಟೊಂದು ಜನರಿರುವ ಮಹಾ ನಾಡನ್ನು ಆಳುವ ಕೆಟ್ಟ ಮನುಷ್ಯನಿಗೆ ಇಂಥ ಮಾತು ಬರೆದದ್ದನ್ನು ಒಪ್ಪಲಾರೆ ಎಂದು ಬರೆದಿದ್ದಾನೆ.

ಉಲ್ಲೇಖ ಬೇಕು:

ಆ ಪತ್ರ ಅಸಲಿಯೇ ಎಂಬ ಬಗ್ಗೆ ಬಲವಾದ ಸಂಶಯಗಳಿವೆ. ಅದರಲ್ಲಿ ಫಾರೋಸ್‌ನ ಗೋಪುರದ ಮಾತು ಬರುತ್ತದೆ, ಆ ದೀಪಸ್ತಂಭ ಕಟ್ಟಿದ್ದು ಅಲೆಕ್ಸಾಂಡರ್ ಸತ್ತು ಎಷ್ಟೋ ವರ್ಷಗಳ ಮೇಲೆ. ಅದೂ ಟಾಲೆಮಿಯ ಕಡೆಯಿಂದ ಹುಟ್ಟಿರಬಹುದು. ಪತ್ರವನ್ನು ಬದಿಗಿಟ್ಟು ವಾದ ಮಾಡಿ.

ಕೆರೆಯಂಗಳ:

ಬದಿಗಿಡುತ್ತೇನೆ. ಪತ್ರವಿಲ್ಲದೆಯೂ ಒಂದು ಸಂಗತಿ ಉಳಿಯುತ್ತದೆ: ಬೇರೆ ಪ್ರಾಂತಾಧಿಪತಿಗಳ ತಲೆಗಳು ಉರುಳುತ್ತಿದ್ದಾಗ ಅಥೆನ್ಸ್‌ನವರೆಗೂ ಕುಖ್ಯಾತನಾಗಿದ್ದ ಇವನನ್ನು ಯಾರೂ ಮುಟ್ಟಲಿಲ್ಲ. ಬೊಕ್ಕಸ ತುಂಬುತ್ತಿತ್ತು, ನಗರ ಏಳುತ್ತಿತ್ತು, ದಂಗೆಯಿರಲಿಲ್ಲ. ದೂರದ ದೊರೆಗೆ ಅಷ್ಟು ಸಾಕಾಗಿತ್ತು.

ಹಳೆಯ ಕಡತ:

ಕೊನೆಗೆ ಬೊಕ್ಕಸದಲ್ಲಿ ಎಷ್ಟಿತ್ತು ಎಂಬುದನ್ನೂ ಬರೆದುಬಿಡುತ್ತೇನೆ. 323ರಲ್ಲಿ ಟಾಲೆಮಿ ಪ್ರಾಂತಾಧಿಪತಿಯಾಗಿ ಬಂದಾಗ ಸಿಕ್ಕ ಹಣ 8,000 ಟ್ಯಾಲೆಂಟ್ ಎಂದು ಡಿಯೊಡೊರಸ್ ಹೇಳುತ್ತಾನೆ. ಮಝಕೀಸ್ ಒಪ್ಪಿಸಿದ್ದು 800. ಒಂಬತ್ತು ವರ್ಷದಲ್ಲಿ ಹತ್ತು ಪಟ್ಟು, ಅದೂ ಒಂದು ನಗರವನ್ನು ಕಟ್ಟುತ್ತಲೇ! ಇದು ವ್ಯಾಪಾರದ ಜಾಣತನದಿಂದ ಮಾತ್ರ ಬರುವ ಮೊತ್ತವಲ್ಲ.

ಟಾಲೆಮಿ ಕ್ಲಿಯೊಮೆನೀಸನನ್ನು ಕೊಲ್ಲಿಸಿದನು, ಸಾಮ್ರಾಜ್ಯದ ರಾಜಪ್ರತಿನಿಧಿಯಾಗಿದ್ದ ಪರ್ಡಿಕಸ್‌ನ ಕಡೆಯವನೆಂಬ ಶಂಕೆಯಿಂದ ಎಂದು ಪೌಸೇನಿಯಸ್ ಬರೆದಿದ್ದಾನೆ. ಹಣವನ್ನು ರೈತರಿಗೂ ಗುಡಿಗಳಿಗೂ ಮರಳಿಸಿದನೇ? ಇಲ್ಲ, ಬಾಡಿಗೆ ಸೈನಿಕರನ್ನು ಕಟ್ಟಿದನು. 321-320ರ ಸುಮಾರಿಗೆ ಪರ್ಡಿಕಸ್ ಈಜಿಪ್ಟನ್ನು ಕಿತ್ತುಕೊಳ್ಳಲು ದಂಡೆತ್ತಿ ಬಂದಾಗ ಎದುರಿಗೆ ನಿಂತದ್ದು ಆ ಹಣದಿಂದ ಬಲಗೊಂಡ ಪಡೆ. ಮೆಂಫಿಸ್ ಹತ್ತಿರ ನೈಲ್ ದಾಟಲು ಹೋಗಿ ಪರ್ಡಿಕಸ್‌ನ 2,000ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಸಾವಿರ ಮಂದಿಯನ್ನಾದರೂ ನದಿಯ ಮೃಗಗಳು ತಿಂದವಂತೆ. ಅವನ ಅಧಿಕಾರಿಗಳೇ ಅವನನ್ನು ಗುಡಾರದಲ್ಲಿ ಕೊಂದರು. ಅಲ್ಲಿಂದ ಮುಂದೆ ಸುಮಾರು ಮುನ್ನೂರು ವರ್ಷ ಈಜಿಪ್ಟ್ ಟಾಲೆಮಿಯ ವಂಶದ ಕೈಯಲ್ಲಿ ಉಳಿಯಿತು, ಮತ್ತು ಕ್ಲಿಯೊಮೆನೀಸ್ ರೂಢಿಸಿದ ಧಾನ್ಯದ ಮೇಲಿನ ಸರ್ಕಾರಿ ಹಿಡಿತವನ್ನು ಆ ವಂಶದವರು ಇನ್ನಷ್ಟು ಬಿಗಿ ಮಾಡಿದರೇ ಹೊರತು ಸಡಿಲಿಸಲಿಲ್ಲ.